ಗಂಟಕ್ಕನ ಎಡಗೈ

ಪತ್ರಾಗಾರದ ಹಳೆಯ ಕಡತಗಳ ಕಟ್ಟುಗಳಿಗೆಲ್ಲ ಒಂದೇ ಬಗೆಯ ಗಂಟು. ತುದಿ ಹಿಡಿದು ಎಳೆದರೆ ಸಾಕು, ಕಾಗದ ಮುಕ್ಕಾಗದೆ ಬಿಚ್ಚಿಕೊಳ್ಳುತ್ತದೆ. ಹನ್ನೊಂದು ವರ್ಷ ಬಿಟ್ಟಿ ಸೇವೆಗೆ ಬಂದು ಅದನ್ನು ಹಾಕುತ್ತಿದ್ದವಳಿಗೆ ಗಂಟಕ್ಕ ಎಂದೇ ಹೆಸರಾಗಿತ್ತು. ಅವಳದು ಎಡಗೈ.

ಕೊನೆಗೂ ಒಂದು ಸಹಾಯಕಿ ಹುದ್ದೆ ಮಂಜೂರಾಯಿತು. ಇನ್ನಾದರೂ ಸಂಬಳದ ಕುರ್ಚಿ ಸಿಕ್ಕೀತೆಂದು ಗಂಟಕ್ಕ ತರಬೇತಿಗೆ ಸೇರಿದಳು. ತಾವೇ ಮೂರು ದಿನ ತರಬೇತಿ ಪಡೆದು ಪಂಡಿತರಾಗಿದ್ದ ಅಧಿಕಾರಿಗಳು ಒಂದು ಕೈಪಿಡಿ ಹಂಚಿದರು. ಅದರಲ್ಲಿ ಗಂಟು ಹಾಕುವ ಕೈಗಳ ಫೋಟೊ ಇತ್ತು. ಹೆಬ್ಬೆರಳ ಸುಟ್ಟ ಕಲೆಯ ಸಮೇತ ಅವು ಗಂಟಕ್ಕನವೇ. ಎಡಗೈ ಶೋಭಿಸದೆಂದು ಅಧಿಕಾರಿಗಳು ಎಡಗೈ ಬಲಗೈಯಾಗಿ ಕಾಣುವಂತೆ ಫೋಟೊವನ್ನು ತಿರುಗಿಸಿ ಅಚ್ಚು ಹಾಕಿಸಿದ್ದರು.

ಪರೀಕ್ಷೆಯಲ್ಲಿ ಅವಳು ಕಟ್ಟಿದ ಗಂಟನ್ನು ಅವರು ಪುಟದ ಪಕ್ಕ ಹಿಡಿದು ನೋಡಿದರು.

"ಉಲ್ಟಾ ಇದೆಯಲ್ಲಮ್ಮಾ."

"ಉಲ್ಟಾ ಇರೋದು ಪುಸ್ತಕ ಸಾರ್. ಕಲೆ ನೋಡಿ, ಅವು ನನ್ನ ಕೈಗಳೇ."

"ಕೈ ಯಾರದಾದ್ರೇನು, ಅಚ್ಚಾಗಿರೋದೇ ಸರಿ. ಇಷ್ಟು ವರ್ಷ ಹೀಗೇ ಕಟ್ಟಿದ್ರಾ? ನಾವೂ ನಂಬಿಬಿಟ್ವಲ್ಲ."

ಪುಟ ನೋಡಿ ಕಟ್ಟಿದ ಹೊಸಬಳೊಬ್ಬಳಿಗೆ ಕೆಲಸ ಹೋಯಿತು. ತಿಂಗಳು ಕಳೆಯುವುದರೊಳಗೆ ಅಧಿಕಾರಿಗಳ ಫೋನ್ ಬಂತು.

"ಆ ಹುಡುಗಿ ಹಾಕಿದ ಗಂಟು ಎಳೆದ್ರೂ ಬಿಚ್ಚೋಲ್ಲ, ಕತ್ತರಿನೇ ಬೇಕಾಗ್ತಿದೆ. ಬಂದು ಸ್ವಲ್ಪ ಹೇಳಿಕೊಡಿ, ಸೇವೆ ಅಂದ್ಕೊಂಡು."

"ಫೇಲಾದೋಳು ಏನು ಹೇಳಿಕೊಡ್ಲಿ ಸಾರ್" ಎಂದಳು. ಆದರೂ ಕತ್ತರಿಯ ಮಾತು ಕೇಳಿ ಮನೆಯಲ್ಲಿ ಕೂರಲಾಗಲಿಲ್ಲ. ಮರುದಿನ ಹೋಗಿ ಹೊಸಬಳ ಎದುರು ಕೂತು, ಎಡಗೈಯಲ್ಲೇ ಕಟ್ಟಿ ತೋರಿಸಿದಳು. ಹೊಸಬಳು ಕನ್ನಡಿ ನೋಡಿದಂತೆ ನೋಡಿ, ಬಲಗೈಯಲ್ಲಿ ಕಲಿತುಕೊಂಡಳು.

ಬಾಗಿಲಲ್ಲಿ ನಿಂತಿದ್ದ ಅಧಿಕಾರಿಗಳಿಗೆ ಸಂತೋಷವಾಯಿತು.

"ನೋಡಿದ್ರಾ" ಎಂದರು, "ಥೇಟ್ ಕೈಪಿಡೀಲಿ ಇದ್ದ ಹಾಗೇ ಬಂತು."