ನಕ್ಷೆಯಲ್ಲಿಲ್ಲದ ಗೋಡೆಯ ಬೂಷ್ಟು

ಮೊಯ್ದಿನ್ ಕುಂಞಿಗೆ ಕಾನೂನೆಂದರೆ ಪ್ರಾಣ. ದೋಹಾದ ಒಂದು ಕಂಪನಿಯಲ್ಲಿ ಅವನು ಮಂದೂಬ್, ಅಂದರೆ ಕಂಪನಿಯ ಕಾಗದಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವನು. ಯಾರದೋ ಅಂಗಡಿಯ ಬೋರ್ಡಿಗೆ, ಯಾರದೋ ಅಂಗಳದ ಚಪ್ಪರಕ್ಕೆ ಪರ್ಮಿಟ್ ತಂದುಕೊಟ್ಟ ಪುಣ್ಯಾತ್ಮ. ಈಗ ಎಲ್ಲ ಆನ್‌ಲೈನ್ ಆಗಿದ್ದರೂ, ಕೌಂಟರಿನ ಮುಂದೆ ನಿಂತು ಒಂದು ಸಲಾಂ ಹೇಳದಿದ್ದರೆ ಅವನಿಗೆ ಉಂಡದ್ದು ಕರಗುವುದಿಲ್ಲ. ರಸ್ತೆ ಬಿಕೋ ಅಂದರೂ ಹಸಿರು ದೀಪ ಬರುವ ತನಕ ಕಾಲೆತ್ತುವವನಲ್ಲ.

ಇಂಥ ಮನುಷ್ಯನ ಸಂಸಾರ ಇದ್ದದ್ದು ದೋಹಾದ ಹೊರಗಿನ ಉಮ್ಮ್ ಸಲಾಲಿನ ಒಂದು ವಿಲ್ಲಾದ ತುಂಡಿನಲ್ಲಿ. ವಿಲ್ಲಾದ ಉಸ್ತುವಾರಿ ಕಾಸರಗೋಡಿನ ಸುಲೈಮಾನ್. ದೊಡ್ಡ ಹಾಲಿಗೆ ಅಡ್ಡ ಜಿಪ್ಸಮ್ ಹಲಗೆಯ ಗೋಡೆ ಎಬ್ಬಿಸಿ, ಈಚೆ ಮೊಯ್ದಿನ್ ಕುಂಞಿಯನ್ನೂ ಆಚೆ ಬಂಟ್ವಾಳದ ಲತೇಶನ ಸಂಸಾರವನ್ನೂ ತುಂಬಿದ್ದ. ಗೋಡೆ ಭಾರೀ ಗಟ್ಟಿ! ಆಚೆ ಲತೇಶನ ಹೆಂಡತಿ ಮೋಕ್ಷಾ ಒಗ್ಗರಣೆ ಹಾಕಿದರೆ ಈಚೆ ಆಸ್ಯಮ್ಮ ಸೀನುತ್ತಿದ್ದಳು.

ಆ ವರ್ಷ ಜುಲೈಯಲ್ಲಿ ಮೊಯ್ದಿನ್ ಕುಂಞಿ ಹೆಂಡತಿ ಆಸ್ಯಮ್ಮನನ್ನೂ ಮಗಳು ಜಸೀಲಾಳನ್ನೂ ಕರೆದುಕೊಂಡು ಊರಿಗೆ ಹೊರಟ. ಘಟ್ಟದ ಕೆಳಗಿನವರು ಮನೆಗೆ ಬೀಗ ಹಾಕುವ ಮೊದಲು ಮಾಡುವ ಕೆಲಸವೊಂದಿದೆ: ಮೇನ್ ಸ್ವಿಚ್ ಇಳಿಸುವುದು. ಸಿಡಿಲು ಬಡಿದರೆ? ಹಾಗೆ ಅವನೂ ತನ್ನ ಪಾಲಿನ ಸ್ವಿಚ್ ಇಳಿಸಿದ. ಕತಾರಿನ ಬೇಸಗೆಯಲ್ಲಿ ಸಿಡಿಲು! ಏಸಿ ನಿಂತ ಮನೆಯಲ್ಲಿ ಸಮುದ್ರದ ತೇವ ತುಂಬಿ ಬೇಯತೊಡಗಿತು. ಆಚೆ ಕಡೆಯಿಂದ ಲತೇಶನ ಏಸಿ ಗೋಡೆಯನ್ನು ತಣ್ಣಗಿಟ್ಟಿತ್ತು. ಈಚೆಯ ಸೆಕೆಗೆ ತಣ್ಣನೆಯ ಗೋಡೆ ನೀರು ಬಿಟ್ಟುಕೊಂಡಿತು. ಊರಿಂದ ಬಂದು ಬಾಗಿಲು ತೆಗೆದರೆ ಗೋಡೆ ತುಂಬ ಕಪ್ಪು ಹಸಿರಿನ ಬೂಷ್ಟು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ; ಇಲ್ಲಿ ಮಾಡಿದ್ದು ಅಪ್ಪ, ಉಂಡದ್ದು ಮಗಳು. ಆ ಗೋಡೆಯ ಪಕ್ಕದಲ್ಲೇ ಜಸೀಲಾಳ ಮಂಚ. ವಾರದೊಳಗೆ ಅವಳ ಎದೆಯಿಂದ ಸೀಟಿಯಂಥ ಸದ್ದು ಶುರುವಾಯಿತು.

ಆಸ್ಯಮ್ಮ ತಿಕ್ಕಿದಳು, ಒರೆಸಿದಳು. ಬೂಷ್ಟು ಒಳಗಿಂದ ಮತ್ತೆ ಬಂತು. ಡಾಕ್ಟರು ಅದನ್ನು ಬುಡಸಮೇತ ತೆಗೆಸಿ ಅಂದರು.

"ಇದನ್ನು ಒಡೆದು ಬಿಸಾಡುವ ಮಾರಾಯ್ರೆ," ಅಂದಳು ಆಸ್ಯಮ್ಮ.

"ಹಾಗೆಲ್ಲ ಗೋಡೆಗೆ ಕೈ ಹಾಕ್ಲಿಕ್ಕಾಗ್ತದಾ? ಪರ್ಮಿಟ್ ಬೇಕು. ನನಗೆ ಬಿಡು," ಅಂದ ಮೊಯ್ದಿನ್ ಕುಂಞಿ. ಊರಿಗೆಲ್ಲ ಪರ್ಮಿಟ್ ತರುವವನಿಗೆ ಸ್ವಂತ ಮನೆಯದು ಯಾವ ಲೆಕ್ಕ!

ಬೂಷ್ಟು ತೆಗೆಯುವ ಕಂಪನಿಯವರು ಬಂದು ನೋಡಿ, ಹಲಗೆ ಬಿಚ್ಚಬೇಕು, ಅದಕ್ಕೆ ಪರ್ಮಿಟ್ ತನ್ನಿ ಅಂದರು. ಪರ್ಮಿಟ್ ಕಚೇರಿಯವರು ಮನೆಯ ನಕ್ಷೆ ತನ್ನಿ ಅಂದರು. ನಕ್ಷೆಗಾಗಿ ಮುಶೈರಿಬ್‌ನಲ್ಲಿದ್ದ ಮಾಲೀಕರ ಆಫೀಸಿಗೆ ಅಲೆದದ್ದೇ ಅಲೆದದ್ದು. ಇತ್ತ ಜಸೀಲಾ ಮೆಟ್ಟಿಲು ಹತ್ತುವಾಗ ನಡುವೆ ಕೂತು ಸುಧಾರಿಸಿಕೊಳ್ಳತೊಡಗಿದಳು. ಕೊನೆಗೂ ನಕ್ಷೆ ಸಿಕ್ಕಿತು. ಪರ್ಮಿಟ್ ಕೌಂಟರಿನ ಹೆಂಗಸು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮಾಫಿ," ಅಂದಳು, ಅಂದರೆ ಇಲ್ಲ. ನಕ್ಷೆಯಲ್ಲಿ ಅಂಥ ಗೋಡೆಯೇ ಇಲ್ಲ. ಇಲ್ಲದ ಗೋಡೆ ಒಡೆಯಲು ಪರ್ಮಿಟ್ ಹೇಗೆ ಕೊಡುವುದು? ಬೇಕಾದರೆ ಇನ್ಸ್‌ಪೆಕ್ಟರನ್ನು ಕಳಿಸೋಣವೇ ಎಂದು ಮರ್ಯಾದೆಯಿಂದಲೇ ಕೇಳಿದಳು.

ಮೊಯ್ದಿನ್ ಕುಂಞಿ ಬೆವರಿದ. ಇನ್ಸ್‌ಪೆಕ್ಟರು ಬಂದರೆ ಎರಡು ಸಂಸಾರವೂ ಬೀದಿಗೆ. ಅದು ಕಳ್ಳಗೋಡೆ ಎಂದು ಅವನಿಗೆ ಮೊದಲು ಗೊತ್ತಿರಲಿಲ್ಲವೇ? ಬಾಡಿಗೆ ಅಗ್ಗವಾಗಿದ್ದಾಗ ಕೆಲವು ಸಂಗತಿ ಗೊತ್ತಿಲ್ಲದಿರುವುದೇ ಕ್ಷೇಮ. ಅರ್ಜಿ ವಾಪಸು ತೆಗೆದುಕೊಂಡು ಬಂದ.

ಸುಲೈಮಾನ್ ಹಾವೂ ಸಾಯದ ಕೋಲೂ ಮುರಿಯದ ಉಪಾಯ ಹೇಳಿದ. "ಪೇಂಟ್ ಹೊಡೀರಿ. ಪೇಂಟಿಗೆ ಪರ್ಮಿಟ್ ಬೇಡ. ಖಲಾಸ್!"

ಬೂಷ್ಟಿನ ಮೇಲೆ ಹಾಲಿನಂಥ ಬಿಳಿ ಬಣ್ಣ ಬಿತ್ತು. ಕಾನೂನಿಗೆ ಒಂಚೂರೂ ನೋವಾಗಲಿಲ್ಲ. ಕೆಲವೇ ದಿನಗಳಲ್ಲಿ ಬಣ್ಣ ಬೊಕ್ಕೆಯೆದ್ದು ಉದುರಿತು. ಒಂದು ಸಂಜೆ ಜಸೀಲಾ "ಉಮ್ಮಾ, ನೀರು" ಅನ್ನಲು ಹೋಗಿ ಎರಡನೆಯ ಮಾತಿಗೆ ಉಸಿರು ಸಾಲದೆ ನಿಂತಳು. ಆಸ್ಪತ್ರೆಗೆ ಓಡಿದರು. ಮಾಸ್ಕ್ ಕಟ್ಟಿ ಮದ್ದಿನ ಹೊಗೆ ಹಿಡಿದ ಮೇಲೆ ಮಗುವಿನ ಮುಖಕ್ಕೆ ಬಣ್ಣ ಬಂತು.

ಕಾರಿನಲ್ಲಿ ಆಸ್ಯಮ್ಮ ಅಳಲಿಲ್ಲ. "ಉಸಿರಾಡ್ಲಿಕ್ಕೆ ಪರ್ಮಿಟ್ ಯಾವ ಕೌಂಟರಿನಲ್ಲಿ ಸಿಗ್ತದೆ, ಹೇಳಿ. ನಾನೇ ಹೋಗಿ ನಿಲ್ತೇನೆ," ಅಂದಳು.

ಮೊಯ್ದಿನ್ ಕುಂಞಿಗೆ ನಾಚಿಕೆಯಾಯಿತು. ಸಾಯುವಷ್ಟು ನಾಚಿಕೆ. ಮನೆಗೆ ಬಂದವನು ನೇರ ಲತೇಶನ ಬಾಗಿಲು ತಟ್ಟಿದ.

"ಲತೇಶ, ನಮ್ಮ ಮಧ್ಯದ ಗೋಡೆ ಉಂಟಲ್ಲ, ಅದು ಇಲ್ಲವಂತೆ ಮಾರಾಯ."

ಲತೇಶ ಬಾಗಿಲು ಪೂರ್ತಿ ತೆರೆದ. "ಇಲ್ಲದ್ದನ್ನು ಇಟ್ಟುಕೊಂಡು ಎಂತ ಮಾಡುವುದು ಮೊಯ್ದಿನಾಕ? ತೆಗೆಯುವ. ನಮ್ಮ ಕಪಾಟಿನ ಹಿಂದೆಯೂ ಕಪ್ಪಾಗಿದೆ."

ಶುಕ್ರವಾರ ಹೆಂಗಸರನ್ನೂ ಮಕ್ಕಳನ್ನೂ ಪಾರ್ಕಿಗೆ ಕಳಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಬ್ಬರೂ ಇಲ್ಲದ ಗೋಡೆಯನ್ನು ಒಡೆದರು. ಇಲ್ಲದ ಗೋಡೆಯ ತುಂಡುಗಳು ಚೀಲಗಟ್ಟಲೆ ಆದವು. ನೆಲ ತೊಳೆದು, ಒಣಗಿಸಿ, ನಡುವೆ ಮೋಕ್ಷಾಳ ಹೂವಿನ ಬೆಡ್‌ಶೀಟು ನೇತುಹಾಕಿದರು.

ಮುಂದಿನ ವಾರ ಬಾಡಿಗೆಗೆ ಬಂದ ಸುಲೈಮಾನ್ ಹೌಹಾರಿದ. "ಯಾ ಅಲ್ಲಾ! ಗೋಡೆ ಎಲ್ಲಿ?"

"ಯಾವ ಗೋಡೆ?" ಅಂದ ಮೊಯ್ದಿನ್ ಕುಂಞಿ.

"ನಾನು ಕಟ್ಟಿಸಿದ್ದು!"

"ಹೌದಾ? ಪರ್ಮಿಟ್ ಉಂಟಾ?"

"ಕಂಪ್ಲೇಂಟ್ ಕೊಡ್ತೇನೆ ನೋಡಿ!"

"ಕೊಡಿ. ಅರ್ಜಿ ನಾನೇ ಟೈಪ್ ಮಾಡಿ ಕೊಡ್ತೇನೆ, ನನ್ನ ಕೆಲಸವೇ ಅದಲ್ವಾ?"

ಸುಲೈಮಾನನ ಮುಖ ಕೆಂಪಾಯಿತು. ಅಗ್ರಿಮೆಂಟ್ ಮುಗಿಯಲಿ, ಇಬ್ಬರನ್ನೂ ಹೊರಗೆ ಹಾಕುತ್ತೇನೆ ಎಂದು ದನಿ ಏರಿಸಿದ. ಹಾಕಿದರೂ ಹಾಕಿಯಾನು. ಮೊಯ್ದಿನ್ ಕುಂಞಿಗೆ ಅದರ ಹೆದರಿಕೆ ಇಲ್ಲದಿರಲಿಲ್ಲ. ಆದರೂ ಅವನು ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲ ಮಾತಾಡಿ ಮಾರಾಯ್ರೆ. ಮಗು ಮಲಗಿದ್ದಾಳೆ."

ಸುಲೈಮಾನ್ ತಿರುಗಿ ನೋಡಿದ. ಜಸೀಲಾ ಬಾಯಿ ಮುಚ್ಚಿಕೊಂಡು, ಸೀಟಿಯ ಸದ್ದಿಲ್ಲದೆ ಮೂಗಿನಲ್ಲೇ ಉಸಿರಾಡುತ್ತ ನಿದ್ದೆ ಹೋಗಿದ್ದಳು.