ಅಧ್ಯಕ್ಷರ ಕುರ್ಚಿಯ ಹಿಂದಿನ ಗೋಡೆ

ಎರಡನೇ ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಬೆಂಗಳೂರಿನ ಬ್ಯಾಂಕೊಂದರ ಕೇಂದ್ರ ಕಚೇರಿ, ಅಧ್ಯಕ್ಷರ ಕೋಣೆ. ಹಾಜರಿದ್ದವರು: ಒಳಾಂಗಣದ ನಕ್ಷೆ ಮಾಡಿದ ಮೇಡಂ, ಬಡಗಿ, ನನ್ನ ತಮ್ಮ ಮತ್ತು ಕೆಲಸದ ಮೇಲ್ವಿಚಾರಕನಾದ ನಾನು. ಸೈನ್ಯದಿಂದ ನಿವೃತ್ತನಾದ ಮೇಲೆ ಇಂಥ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದೇನೆ. ನಾವಿಬ್ಬರು ಅಣ್ಣತಮ್ಮಂದಿರು ದೊಡ್ಡಬಳ್ಳಾಪುರದಿಂದ ಬೆಳಗಿನ ರೈಲಿಗೆ ಬಂದಿದ್ದೆವು. ತಾನು ನೇಯ್ದ ರೇಷ್ಮೆಯ ಸುರುಳಿಯನ್ನು ತಮ್ಮ ದಾರಿಯುದ್ದಕ್ಕೂ ತೊಡೆಯಿಂದ ಇಳಿಸಿರಲಿಲ್ಲ.

ದಾರಿ ಹೇಳುವಾಗ ಜನ ಗುರುತಿಗೆ ಹೆಸರಿಸುವ ಹಳೆಯ ಕಲ್ಲು ಕಟ್ಟಡ ಅದು. ಒಳಗೆ ಮಾತ್ರ ಎಂದೋ ಹೊಡೆದ ಪ್ಲೈವುಡ್‌ನಿಂದ ಕೋಣೆಗಳು ಮಂಕಾಗಿದ್ದವು. ಅದನ್ನು ಕೀಳಿಸಿ, ಅಧ್ಯಕ್ಷರ ಕುರ್ಚಿಯ ಹಿಂದಿನ ಗೋಡೆಗೆ ರೇಷ್ಮೆ ಹೊದಿಸಬೇಕೆಂದು ಮೇಡಂ ನಿಶ್ಚಯಿಸಿದ್ದರು. ತಮ್ಮನ ಹೆಸರು ಹೇಳಿದವನು ನಾನು. ಈ ಗೋಡೆ ಒಪ್ಪಿಗೆಯಾದರೆ ಉಳಿದ ಅಧಿಕಾರಿಗಳ ಕೋಣೆಗಳ ಬಟ್ಟೆಯೂ ಅವನದೇ. ಇಲ್ಲದಿದ್ದರೆ ಸೀರೆಯ ವ್ಯಾಪಾರ ಬಿದ್ದುಹೋಗಿದ್ದ ಆ ದಿನಗಳಲ್ಲಿ ಅವನ ಎರಡು ಮಗ್ಗಗಳು ಗುಜರಿಗೆ ಹೋಗುವುದಿತ್ತು.

ಗೋಡೆಯ ಈ ತುದಿಯಿಂದ ಆ ತುದಿಗೆ ಅಡ್ಡಲಾಗಿ ಎಳೆಯಬೇಕೆಂದು ನೆಲದ ಮೇಲೆ ಸುರುಳಿ ಬಿಚ್ಚಿದೆವು. ತುದಿ ಮುಟ್ಟುವ ಮೊದಲೇ ಬಟ್ಟೆಯ ನಡುವೆ ನಾಲ್ಕು ಬೆರಳಗಲ ನೇಯ್ಗೆಯೇ ಇಲ್ಲ, ಬರೀ ಉದ್ದಕ್ಕೆ ಹೋಗುವ ಹಾಸಿನ ಎಳೆಗಳು. ಮುಂದೆ ಇನ್ನೊಂದು ಕಡೆಯೂ ಹಾಗೆಯೇ. ಸೀರೆ ನೇಯುವವರು ಒಂದು ಸೀರೆ ಮುಗಿದಾಗ ಕತ್ತರಿಸಲೆಂದು ಬಿಡುವ ಜಾಗ ಅದು.

“ಒಂದೇ ಉದ್ದಕ್ಕೆ ನೇಯಿ ಅಂದಿದ್ನಲ್ಲೋ!”

“ಒಂದೇ ಉದ್ದಾನೇ ಕಣಣ್ಣ, ಎಲ್ಲೂ ಕತ್ತರಿಸಿಲ್ಲ...” ಎಂದವನು ಎಳೆಗಳನ್ನು ನೋಡಿ ಕುಕ್ಕರುಬಡಿದ. “ಅಯ್ಯೋ, ಆರು ಗಜ ಆದೇಟ್ಗೆ ಕೈ ತಾನೇ ಬಿಟ್ಬಿಟ್ಟೈತೆ.”

ಬಡಗಿ ನಕ್ಕ. “ಅಧ್ಯಕ್ಷರಿಗೆ ಸೀರೆ ಉಡಿಸಕ್ಕೆ ತಂದವ್ನೆ ಬಿಡಿ ಮೇಡಂ!”

ತಮ್ಮ ನಗಲಿಲ್ಲ. ಮೇಡಂ ಟೇಪು ಹಿಡಿದು ಗೋಡೆಯ ಎತ್ತರ ಅಳೆದರು, ಬಟ್ಟೆಯನ್ನೂ ಅಳೆದರು.

“ಇದನ್ನ ಯಾಕೆ ಅಡ್ಡ ಮಲಗಿಸ್ಬೇಕು? ನಿಲ್ಲಿಸೋಣ. ಒಂದೊಂದು ಸೀರೆಯುದ್ದಕ್ಕೆ ಎರಡೆರಡು ತುಂಡು ಬರುತ್ತೆ. ಗ್ಯಾಪ್ ಕತ್ತರಿಸೋ ಕಡೆಗೇ ಹೋಗುತ್ತೆ.”

“ಜೋಡಿಸಿದ ಕಡೆ ಕಾಣಲ್ವಾ ಮೇಡಂ?” ಎಂದೆ.

“ತೇಗದ ಪಟ್ಟಿ ಹೊಡೀತೀವಿ. ಮೊದ್ಲು ಬಟ್ಟೆಯ ಒಂದು ತುದಿ ಎತ್ತಿ ಹಿಡೀರಿ, ನೋಡ್ತೀನಿ.”

ಅಣ್ಣತಮ್ಮಂದಿರು ಸ್ಟೂಲು ಹತ್ತಿ ಹಿಡಿದು ನಿಂತೆವು. ಎತ್ತರದ ಕಿಟಕಿಯಿಂದ ಪಕ್ಕಕ್ಕೆ ಬೀಳುತ್ತಿದ್ದ ಬೆಳಕಿಗೆ ಬಟ್ಟೆ ಮೇಲಿನಿಂದ ಕೆಳಗಿನವರೆಗೂ ಮಿರುಗಿತು. ಮೇಡಂ ಹಿಂದೆ ಸರಿದು ಬಾಗಿಲವರೆಗೂ ಹೋದರು.

“ನನ್ನ ನಕ್ಷೆಗಿಂತ ಇದೇ ಚೆನ್ನಾಗಿದೆ ರೀ. ಕತ್ತರಿ ಕೊಡಿ.”

ಊಟಕ್ಕೆ ಅರ್ಧ ಗಂಟೆ ಬಿಟ್ಟರೆ ನಿಲ್ಲಿಸದೆ ದುಡಿದೆವು. ಸಂಜೆ ಐದಕ್ಕೆ ಕೊನೆಯ ಪಟ್ಟಿ ಕೂತಿತು. ಮೇಡಂ ಗೋಡೆಯ ಮೇಲೆ ಅಂಗೈ ಆಡಿಸಿ ತಮ್ಮನಿಗೆ ಹೇಳಿದರು: “ಉಳಿದ ಕೋಣೆಗಳಿಗೂ ನೀವೇ ನೇಯ್ರಿ. ಗ್ಯಾಪ್ ಬಿಡಿ ಪರವಾಗಿಲ್ಲ, ನಾನು ಹೇಳಿದ ಅಳತೆಗೆ ಬಿಡಿ.”

ಅವನು ಮೊಗಸಾಲೆಗೆ ಓಡಿ ಹೆಂಡತಿಗೆ ಫೋನು ಮಾಡಿದ. “ಗುಜರಿಯವನು ಬಂದ್ರೆ ವಾಪಸ್ ಕಳ್ಸು. ಹೂಂ ಕಣೇ, ಎರಡೂ ಮಗ್ಗ ಇರ್ಲಿ!”

ಆ ಧ್ವನಿ ಕೇಳಿದ ಮೇಲೆ ನನ್ನ ಭುಜಗಳು ಸಡಿಲವಾದವು. ಕತ್ತರಿಸಿದ ಎಳೆಗಳನ್ನು ಗುಡಿಸಿ ತೆಗೆದು, ಮೇಜು ಕುರ್ಚಿಗಳನ್ನು ಸ್ವಸ್ಥಾನಕ್ಕೆ ತಂದು, ಕಿಟಕಿಗಳ ಚಿಲಕ ಹಾಕಿ, ಕೋಣೆಯ ಬೀಗದ ಕೈಯನ್ನು ಕಾವಲುಗಾರನಿಗೆ ಒಪ್ಪಿಸಿದೆ.