ಹನುಮಪ್ಪನಿಗೆ ಓಡಲು ಬರುತ್ತಿರಲಿಲ್ಲ

ಹಳೆಯ ಪುಸ್ತಕಗಳ ಧೂಳು ಝಾಡಿಸುತ್ತಿದ್ದಾಗ ನಿನ್ನೆ ಒಂದು ಖಾಲಿ ನೀಲಿ ವಾಯುಪತ್ರ ಜಾರಿ ಬಿತ್ತು. ಈಗಿನವರು ಅದನ್ನು ಕಂಡಿರಲಿಕ್ಕಿಲ್ಲ. ಕಾಗದವೂ ಅದೇ, ಲಕೋಟೆಯೂ ಅದೇ. ಬರೆದು ಮಡಚಿ ಅಂಟಿಸಿದರೆ ಹೊರದೇಶಕ್ಕೆ ಹೋಗುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಾಪುವಿನಲ್ಲಿ ಅಂಚೆ ಗುಮಾಸ್ತನಾಗಿದ್ದೆ. ಗಲ್ಫಿನಲ್ಲಿ ಗಂಡಂದಿರಿದ್ದವರು ಇದನ್ನು ಕಟ್ಟುಗಟ್ಟಲೆ ಕೊಳ್ಳುತ್ತಿದ್ದರು. ಅಲ್ಲಿನ ಶಾಲೆಯ ಜುಬೇದಾ ಟೀಚರೂ ಕೊಳ್ಳುತ್ತಿದ್ದರು. ಆದರೆ ಅವರು ಬರೆಯುತ್ತಿದ್ದುದು ಪರದೇಶದ ರಾಷ್ಟ್ರಪತಿಗಳಿಗೆ, ಸೇನಾಧಿಪತಿಗಳಿಗೆ.

ಯಾವುದೋ ದೇಶದ ಸರ್ಕಾರ ಯಾರನ್ನೋ ಹಿಡಿದುಕೊಂಡು ಹೋಗಿದೆ, ವಿಚಾರಣೆಯಿಲ್ಲದೆ ಕೊಂದುಬಿಡಬಹುದು ಎಂಬ ಸುದ್ದಿ ಹೊರದೇಶದ ಒಂದು ಸಂಘದಿಂದ ಅವರಿಗೆ ಬರುತ್ತಿತ್ತು. ಎಲ್ಲ ಕಡೆಯಿಂದ ಪತ್ರ ಹೋದರೆ ಕೊಲ್ಲುವ ಕೈ ಹಿಂಜರಿಯುತ್ತದೆಂದು ಅವರ ನಂಬಿಕೆ.

“ಜನರಲ್ ಸಾಹೇಬ್ರ ಉತ್ತರ ಬಂತಾ ಟೀಚರ್?” ಎಂದು ನಾನು ಕೆಣಕುತ್ತಿದ್ದೆ. ಆಗ ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ನನಗೆ ಬಹಳ ಗೌರವವಿತ್ತು.

“ನಗಿ, ನಗಿ. ಯಾರೋ ನೋಡ್ತಾ ಇದ್ದಾರೆ ಅಂತ ಅವನಿಗೆ ಗೊತ್ತಾದ್ರೆ ಸಾಕು ಮಾರಾಯ್ರೆ” ಎನ್ನುತ್ತಿದ್ದರು ಅವರು.

ಒಂದು ದಿನ ಟೀಚರ ಜೊತೆ ಮಲ್ಲವ್ವ ಬಂದಳು. ಬಾಗಲಕೋಟೆ ಕಡೆಯವಳು, ಟೀಚರ ಮನೆಯ ಪಕ್ಕದ ಕಟ್ಟಡದಲ್ಲಿ ಸಿಮೆಂಟು ಹೊರುವ ಕೆಲಸ. ಅವಳ ತಮ್ಮ ಹನುಮಪ್ಪ ಹೊರರಾಜ್ಯದ ಕಾಲುವೆ ಕೆಲಸದಲ್ಲಿ ಕೂತು ಜಲ್ಲಿ ಒಡೆಯಲು ಹೋಗಿದ್ದ. ಅಲ್ಲಿ ಪೊಲೀಸರು ಅವನನ್ನು ಚಹಾದಂಗಡಿಯಿಂದ ಎತ್ತಿಕೊಂಡು ಹೋದರು. ಮರುದಿನ ಪತ್ರಿಕೆಯಲ್ಲಿ, ತಪ್ಪಿಸಿಕೊಂಡು ಓಡುತ್ತಿದ್ದ ದರೋಡೆಕೋರ ಗುಂಡಿಗೆ ಬಲಿ ಎಂದು ಬಂತು.

“ಅಂವ ಹೆಂಗ ಓಡ್ತಾನ್ರೀ?” ಎಂದಳು ಮಲ್ಲವ್ವ. “ಕಾರ್ಕಳದಾಗ ಕಲ್ಲಿನ ಕೋರೆ ಕೆಲಸ ಮಾಡೂ ಮುಂದ ಕಾಲಮ್ಯಾಲ ಬಂಡಿಗಲ್ಲು ಬಿದ್ದಿತ್ತು. ಕೋಲಿಲ್ದ ಹತ್ತು ಹೆಜ್ಜಿ ನಡ್ಯಾಕ ಬರ್ತಿರ್ಲಿಲ್ಲ.”

ಸದಸ್ಯರು ತಮ್ಮದೇ ದೇಶದ ಸಂಗತಿಗಳ ಬಗ್ಗೆ ಬರೆಯಬಾರದೆಂದು ಸಂಘದ ನಿಯಮವಿತ್ತಂತೆ. ಟೀಚರು ಎರಡು ದಿನ ಒದ್ದಾಡಿದರು. ಆಮೇಲೆ ಇನ್ನೊಂದು ದಾರಿ ಹುಡುಕಿದರು. ಇಂಥ ಸಾವುಗಳ ಬಗ್ಗೆ ಸರ್ಕಾರಗಳನ್ನೇ ಪ್ರಶ್ನಿಸಲು ದೇಶಗಳೆಲ್ಲ ಸೇರಿ ನೇಮಿಸಿದ ಅಧಿಕಾರಿಯೊಬ್ಬರು ಜಿನೀವಾದಲ್ಲಿದ್ದರು. ಸತ್ತವನ ಮನೆಯವರೂ ಅವರಿಗೆ ಬರೆಯಬಹುದಿತ್ತು. ಆದರೆ ಪುರಾವೆ ಬೇಕು. ಇಬ್ಬರು ಹೆಂಗಸರೂ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದರು. ಹನುಮಪ್ಪನಿಗೆ ಚಿಕಿತ್ಸೆ ಕೊಟ್ಟಿದ್ದ ಮುದಿ ಡಾಕ್ಟರು ಹಳೆಯ ರಿಜಿಸ್ಟರುಗಳನ್ನೆಲ್ಲ ಕೆಳಗಿಳಿಸಿ ಹುಡುಕಿ, ಮುರಿದ ಪಾದದ ವಿವರ ಬರೆದು ಸಹಿ ಹಾಕಿ ಕೊಟ್ಟರಂತೆ.

ಅರ್ಜಿ ತುಂಬಿಸಿದ್ದು ನನ್ನ ಕೌಂಟರಿನ ಪಕ್ಕದ ಮೇಜಿನಲ್ಲಿ. ಕೊನೆಯ ಪ್ರಶ್ನೆ ಬಂತು: ದೂರು ಕೊಟ್ಟವರ ಹೆಸರನ್ನು ಸರ್ಕಾರಕ್ಕೆ ತಿಳಿಸಬಹುದೇ?

“ಅಪಾಯ ಉಂಟು ಮಲ್ಲವ್ವ. ಬೇಡ ಅಂದ್ರೂ ನಡೀತದೆ” ಎಂದರು ಟೀಚರು.

“ಬೇಡ ಅಂತಲೇ ಬರೆಯಿರಿ” ಎಂದು ನಾನು ಬಾಯಿ ಹಾಕಿದೆ. ಅವಳ ಮೇಲಿನ ಕಾಳಜಿ ಎಂದು ನೀವು ತಿಳಿದೀರಿ. ಅಲ್ಲ. ನಾಳೆ ಯಾರಾದರೂ ಬಂದು, ಈ ಪತ್ರ ರಿಜಿಸ್ಟರ್ ಮಾಡಿದ್ದು ಯಾರು ಎಂದು ಕೇಳಿಯಾರೆಂಬ ಭಯ ನನಗೆ.

ಮಲ್ಲವ್ವ ಕೆಲಸಕ್ಕೆ ಎದ್ದುಹೋದಳು. ಮೂರನೆಯ ದಿನ ಕೈಯ ಸಿಮೆಂಟನ್ನೂ ತೊಳೆಯದೆ ಬಂದು ನಿಂತಳು. “ನನ್ನ ಹೆಸರು ಬರೀರಿ ಟೀಚರ. ಅವನ್ನ ಕೇಳೋರು ಯಾರೂ ಇಲ್ಲ ಅಂತ ತಿಳ್ಕೊಂಡೇ ಹೊಡದಾರ. ಅಕ್ಕ ಇದ್ದಾಳ ಅಂತ ಗೊತ್ತಾಗ್ಲಿ.”

ನಾನು ಪತ್ರ ರಿಜಿಸ್ಟರ್ ಮಾಡಿ ರಸೀದಿ ಕೊಟ್ಟೆ.

ಎಂಟು ತಿಂಗಳ ಮೇಲೆ ಉತ್ತರ ಬಂತು: ಸರ್ಕಾರಕ್ಕೆ ಬರೆದು ವಿವರಣೆ ಕೇಳಿದ್ದೇವೆ. ಅಷ್ಟೇ. ಇಷ್ಟಕ್ಕೇನಾ ಎಂದುಕೊಂಡೆ. ಆದರೆ ಮರುವರ್ಷ ಆ ರಾಜ್ಯದ ಮ್ಯಾಜಿಸ್ಟ್ರೇಟರಿಂದ ಮಲ್ಲವ್ವನಿಗೆ ಹೇಳಿಕೆ ಕೊಡಲು ಕರೆ ಬಂತು. ಮುಚ್ಚಿದ್ದ ವಿಚಾರಣೆ ಮತ್ತೆ ತೆರೆದಿತ್ತು. ಟೀಚರು ರಜೆ ಹಾಕಿ ಜೊತೆಗೆ ಹೋದರು. ಡಾಕ್ಟರ ಚೀಟಿ ಕಡತ ಸೇರಿತು. ಇಬ್ಬರು ಪೊಲೀಸರ ಮೇಲೆ ಕೇಸು ದಾಖಲಾಯಿತು.

ಕೆಲವು ವರ್ಷಗಳ ನಂತರ ಕಟಪಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮಲ್ಲವ್ವ ಸಿಕ್ಕಳು. ಟೀಚರು ಆ ಹೊತ್ತಿಗೆ ತೀರಿಕೊಂಡಿದ್ದರು. ಕೇಸು ಏನಾಯಿತೆಂದು ಕೇಳಿದೆ.

“ಇನ್ನೂ ನಡದೈತ್ರೀ. ಒಬ್ಬಾಂವ ರಿಟೈರೂ ಆದ.” ಎಂದಳು ಮಲ್ಲವ್ವ. “ಆದ್ರ ಆಗಿನ ವಿಚಾರಣಿ ವರದ್ಯಾಗ ಜಡ್ಜ್ ಸಾಹೇಬ್ರು ಬರದಾರ, ಅಂವ ಓಡ್ತಿರ್ಲಿಲ್ಲ ಅಂತ. ಅದನ್ನ ಊರಾಗ ಎಲ್ಲಾರಿಗೂ ಓದಿಸೀನ್ರೀ.”

ಬಸ್ಸು ಬಂತು. ಟೀಚರನ್ನು ನಾನು ಕೆಣಕುತ್ತಿದ್ದ ಸಂಗತಿ ಅವಳಿಗೆ ಹೇಳಬೇಕೆಂದಿದ್ದೆ. ಹೇಳದೆ ಹತ್ತಿಬಿಟ್ಟೆ.

ಈ ಬೆಳಿಗ್ಗೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ದೂರದ ದೇಶವೊಂದರಲ್ಲಿ ಸೈನಿಕರ ವಶದಲ್ಲಿದ್ದ ಒಬ್ಬ ಬಡಗಿ ಸತ್ತ ಸುದ್ದಿಯಿತ್ತು, ನಾಲ್ಕೇ ಸಾಲು. ಅವನ ಹೆಸರನ್ನು ಗಟ್ಟಿಯಾಗಿ ಓದಿದೆ. ಹೆಂಡತಿ ಅಡುಗೆಮನೆಯಿಂದ ಕೇಳಿದಳು, “ಯಾರದು, ನಮ್ಮ ಗುರುತಿನವರಾ?”

“ಅಲ್ಲ” ಎಂದೆ. ಕಷ್ಟದ ಹೆಸರು. ಮೂರನೆಯ ಸಲ ಓದಿದಾಗ ಬಾಯಿಗೆ ಸರಿಯಾಗಿ ಬಂತು.